ಗ್ರೀನ್ ಟೀ ಕ್ಯಾಟೆಚಿನ್: ಬಾಟಲಿಯಲ್ಲಿ ಉಳಿಯುತ್ತೆ, ಬಿಸ್ಕತ್ತಿನಲ್ಲಿ ಯಾಕೆ ಉಳಿಯಲ್ಲ?

ಎಲೆಚಿಗುರು

ಒಂದೇ ಡಬ್ಬಿಯ ಗ್ರೀನ್ ಟೀ ಸಾರ, ಮೂರು ತಯಾರಿಕೆ.

ಒಂದು: ನಿಂಬೆ ರುಚಿಯ ಬಾಟಲಿ ಪಾನೀಯ. ಪಿಎಚ್ 3.7 (7ಕ್ಕಿಂತ ಕಡಿಮೆ ಅಂದರೆ ಹುಳಿ, ಹೆಚ್ಚು ಅಂದರೆ ಕ್ಷಾರ), 88 ಡಿಗ್ರಿಯಲ್ಲಿ ಬಿಸಿಬಿಸಿಯಾಗಿಯೇ ತುಂಬಿ ಮುಚ್ಚಿದ್ದು.
ಎರಡು: ಬಿಸ್ಕತ್ತು. 100 ಗ್ರಾಂ ಮೈದಾಗೆ 200 ಮಿ.ಗ್ರಾಂ ಸಾರ, 1 ಗ್ರಾಂ ಅಡುಗೆ ಸೋಡಾ.
ಮೂರು: ದಿಢೀರ್ ಪುಡಿ. ಸಾರದ ಜೊತೆ ಸಕ್ಕರೆ, ಸಿಟ್ರಿಕ್ ಆಮ್ಲ, ವಿಟಮಿನ್ ಸಿ.

ಬಾಟಲಿಯಲ್ಲಿ ಇಜಿಸಿಜಿ (ಗ್ರೀನ್ ಟೀಯ ಆಂಟಿಆಕ್ಸಿಡೆಂಟ್‌ಗಳಾದ ಕ್ಯಾಟೆಚಿನ್‌ಗಳಲ್ಲಿ ಮುಖ್ಯವಾದದ್ದು) ಚೆನ್ನಾಗಿ ಉಳಿದಿದೆ. ಬಿಸ್ಕತ್ತಿನಲ್ಲಿ ಹೆಸರಿಗಷ್ಟೇ ಇದೆ, ಆದರೆ ಡಿಪಿಪಿಎಚ್ ಪರೀಕ್ಷೆಯಲ್ಲಿ (ನೇರಳೆ ದ್ರಾವಣದ ಬಣ್ಣ ಎಷ್ಟು ಅಳಿಯುತ್ತೆ ಅಂತ ನೋಡೋದು) ಆಂಟಿಆಕ್ಸಿಡೆಂಟ್ ಅಂಕಿ ಅಷ್ಟೇನೂ ಇಳಿದಿಲ್ಲ. ಪುಡಿ ಕೆಲವು ವಾರ ಚೆನ್ನಾಗಿತ್ತು, ಆಮೇಲೆ ಗಂಟು ಕಟ್ಟಿ ಕಂದಾಯಿತು. ಹುಳಿ ಹಾಕಿದರೆ ಉಳಿಯುತ್ತೆ ಅನ್ನೋದಾದರೆ ಪುಡಿ ಯಾಕೆ ಕೆಟ್ಟಿತು? ಬಿಸಿ ಕಾರಣ ಅನ್ನೋದಾದರೆ 88 ಡಿಗ್ರಿ ಕಂಡ ಬಾಟಲಿ ಹೇಗೆ ಉಳಿಯಿತು?

---

ಪಿಎಚ್_ಪಟ್ಟಿ

ಬಿಸ್ಕತ್ತಿನ ವಿಷಯಕ್ಕೆ ಒಂದೇ ಮಾತು: ಸೋಡಾ.

ಇಜಿಸಿಜಿ ಅಣುವಿನ ಬಿ ಉಂಗುರದಲ್ಲಿ ಮೂರು ಹೈಡ್ರಾಕ್ಸಿಲ್ ಗುಂಪುಗಳು ಅಕ್ಕಪಕ್ಕ ಕೂತಿವೆ. ಆಂಟಿಆಕ್ಸಿಡೆಂಟ್ ಆಗಿ ಅದು ಚುರುಕಾಗಿರೋದು ಅದರಿಂದಲೇ, ಬೇಗ ಹಾಳಾಗೋದೂ ಅದರಿಂದಲೇ. ಕ್ಷಾರದಲ್ಲಿ ಹೈಡ್ರಾಕ್ಸಿಲ್‌ನ ಪ್ರೋಟಾನ್ ಕಳಚಿಕೊಳ್ಳುತ್ತೆ. ಹಾಗೆ ಕಳಚಿದ ರೂಪ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಕೊಡೋಕೆ ತುದಿಗಾಲಲ್ಲಿ ನಿಂತಿರುತ್ತೆ. ಪಿಎಚ್ 4ಕ್ಕಿಂತ ಕೆಳಗೆ ಅಣು ಗಟ್ಟಿ. 6 ದಾಟಿದ ಮೇಲೆ ಜಾರಲು ಶುರು. ಪಿಎಚ್ 7.4, 37 ಡಿಗ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ಬಹುಪಾಲು ಹೋಗುತ್ತೆ. 8 ದಾಟಿದರೆ ನಿಮಿಷಗಳ ಲೆಕ್ಕ. ಇಜಿಸಿ ಅನ್ನೋ ಕ್ಯಾಟೆಚಿನ್ ಕೂಡ ಇದೇ ಜಾತಿ. ಇಸಿ, ಇಸಿಜಿ ಅನ್ನೋ ಇನ್ನೆರಡಕ್ಕೂ ಬಿ ಉಂಗುರದಲ್ಲಿ ಎರಡೇ ಹೈಡ್ರಾಕ್ಸಿಲ್, ಆದ್ದರಿಂದ ಅವು ಇನ್ನಷ್ಟು ಹೊತ್ತು ತಾಳುತ್ತವೆ.

ಕಣ್ಣಾರೆ ನೋಡಬೇಕಾದರೆ ಎರಡು ಗಾಜಿನ ಲೋಟದಲ್ಲಿ ಒಂದೇ ಗ್ರೀನ್ ಟೀ ಹಾಕಿ, ಒಂದಕ್ಕೆ ಚಿಟಿಕೆ ಅಡುಗೆ ಸೋಡಾ ಬೆರೆಸಿ. ತಿಳಿ ಹಳದಿ ಇದ್ದದ್ದು ಮೊದಲು ಕಡುಹಳದಿ, ಆಮೇಲೆ ಇಟ್ಟಿಗೆಯ ಕಡೆ ತಿರುಗಿದ ಕೆಂಗಂದು. ಅರ್ಧ ಗಂಟೆ ಬಿಟ್ಟು ಅದಕ್ಕೇ ನಿಂಬೆ ಹಿಂಡಿ: ನೊರೆ ಎದ್ದು ಬಣ್ಣ ತಿಳಿಯಾಗುತ್ತೆ. ಸರಿಹೋಯಿತು ಅಂದುಕೊಳ್ಳಬೇಡಿ. ಕಂದು ವಸ್ತುಗಳು ಹುಳಿಯಲ್ಲಿ ತೆಳ್ಳಗೆ ಕಾಣುತ್ತವೆ ಅಷ್ಟೆ, ಹೋದ ಕ್ಯಾಟೆಚಿನ್ ವಾಪಸ್ ಬರಲ್ಲ.

---

ಒಲೆಮುಂದೆ

ಆದರೆ ಒಲೆಯ ಬಿಸಿಯನ್ನ ಹಾಗೆ ಬಿಟ್ಟುಬಿಡೋದು ಸರಿಯಾ? 190 ಡಿಗ್ರಿ, ಹತ್ತು ನಿಮಿಷ. ಸೋಡಾ ಇಲ್ಲದಿದ್ದರೂ ಸುಟ್ಟುಹೋಗಬೇಕಲ್ಲ?

---

ಪಿಎಚ್_ಪಟ್ಟಿ

ಬ್ರೆಡ್ ನೋಡಿ. ಅದೂ ಒಲೆಗೇ ಹೋಗೋದು. ಈಸ್ಟ್ ಹಾಕಿ ಹುದುಗಿಸಿದ ಕಣಕದ ಪಿಎಚ್ 5.5ರ ಆಸುಪಾಸು, ಸೋಡಾ ಇಲ್ಲ, ಒಳಗಿನ ತಿರುಳು ನೀರಿರುವ ತನಕ 100 ಡಿಗ್ರಿ ದಾಟಲ್ಲ. ಅಂಥ ಬ್ರೆಡ್‌ನಲ್ಲಿ ಹಾಕಿದ ಇಜಿಸಿಜಿಯ ಐದರಲ್ಲಿ ನಾಲ್ಕು ಪಾಲು ಬೇಯಿಸಿದ ಮೇಲೂ ಸಿಗುತ್ತೆ. ಕಣಕವನ್ನ ಮೈನಸ್ 20 ಡಿಗ್ರಿಯಲ್ಲಿ ವಾರಗಟ್ಟಲೆ ಇಟ್ಟರೂ ಹೆಚ್ಚೇನೂ ಹೋಗಲ್ಲ. ಒಲೆಯೊಂದೇ ಕಾರಣ ಆಗಿದ್ದರೆ ಬ್ರೆಡ್‌ನಲ್ಲೂ ಏನೂ ಉಳಿಯಬಾರದಿತ್ತು.

ಹಾಗಂತ ಬಿಸಿ ನಿರಪರಾಧಿ ಅಲ್ಲ. ಬಿಸ್ಕತ್ತು ತೆಳ್ಳಗಿರುತ್ತೆ, ನೀರು ಬೇಗ ಆರುತ್ತೆ, ಹೊರಪದರ 100 ಡಿಗ್ರಿ ದಾಟಿ ಹೋಗುತ್ತೆ. ಅಲ್ಲಿ ಸಕ್ಕರೆ ಒಡೆದು ಮೀಥೈಲ್‌ಗ್ಲೈಆಕ್ಸಾಲ್‌ನಂಥವು ಹುಟ್ಟುತ್ತವೆ, ಇಜಿಸಿಜಿ ಅವುಗಳಿಗೆ ಅಂಟಿಕೊಳ್ಳುತ್ತೆ. ಇದು ಆಕ್ಸಿಡೇಶನ್ ಅಲ್ಲ, ಬೇರೆ ದಾರಿಯ ನಷ್ಟ. ಆದರೂ ಹೆಚ್ಚುಕಮ್ಮಿ ಎಲ್ಲಾ ಹೋಗಿದೆ ಅಂದರೆ ಮೊದಲ ಬೆರಳು ಸೋಡಾ ಕಡೆಗೇ.

---

ಕಣಕ_ಕೈ

ಸೋಡಾ ತೆಗೆದರೆ ಬಿಸ್ಕತ್ತು ಅರಳಲ್ಲ, ಆದ್ದರಿಂದ ಹುಳಿಯಿಂದ ತೀರಿಸಬೇಕು. 1 ಗ್ರಾಂ ಸೋಡಾಗೆ ಲೆಕ್ಕ ಹೀಗೆ:

ನೀರಿಲ್ಲದ ಸಿಟ್ರಿಕ್ ಆಮ್ಲ 0.76 ಗ್ರಾಂ, ಕ್ರೀಮ್ ಆಫ್ ಟಾರ್ಟರ್ 2.24 ಗ್ರಾಂ, ಜಿಡಿಎಲ್ (ನೀರಲ್ಲಿ ನಿಧಾನವಾಗಿ ಹುಳಿಯಾಗುವ ಪುಡಿ) 2.1 ಗ್ರಾಂ, ಸೋಡಿಯಂ ಆಸಿಡ್ ಪೈರೋಫಾಸ್ಫೇಟ್ ಸುಮಾರು 1.4 ಗ್ರಾಂ.

ಇಲ್ಲೇ ಜನ ಎಡವೋದು. 0.76 ಗ್ರಾಂ ಸಿಟ್ರಿಕ್ ಹಾಕಿದರೆ ಕಾಗದದ ಮೇಲೆ ಸೋಡಾ ತೀರಿತು. ಆದರೆ ಉಳಿಯೋದು ಸೋಡಿಯಂ ಸಿಟ್ರೇಟ್, ಅದು ತುಸು ಕ್ಷಾರೀಯವೇ. ಕಣಕ 6ರ ಹತ್ತಿರ ನಿಲ್ಲಬೇಕಾದರೆ ಸಿಟ್ರಿಕ್ 1 ಗ್ರಾಂವರೆಗೆ ಬೇಕು. ಅಲ್ಲಿಂದ ಮುಂದೆ ಹಿಟ್ಟಿನ ಗುಣ ನೋಡಿ ಸರಿಮಾಡಿಕೊಳ್ಳಿ: 10 ಗ್ರಾಂ ಕಣಕವನ್ನ 90 ಮಿ.ಲೀ. ಶುದ್ಧ ನೀರಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು ಮೀಟರ್ ಅದ್ದಿ. ಬೆಂದ ಬಿಸ್ಕತ್ತನ್ನೂ ಪುಡಿಮಾಡಿ ಹೀಗೇ ನೋಡಿ. ಕಣಕದ ಪಿಎಚ್ ಮತ್ತು ಬೆಂದದ್ದರ ಪಿಎಚ್ ಒಂದೇ ಇರಲ್ಲ. ಒಲೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೋದಂತೆ ತೀರದೆ ಉಳಿದ ಸೋಡಾ ಕಾರ್ಬೊನೇಟ್ ಆಗಿ ಇನ್ನೂ ಕ್ಷಾರೀಯವಾಗುತ್ತೆ.

ಇನ್ನೊಂದು ತೊಂದರೆ, ಸಿಟ್ರಿಕ್ ನೀರು ತಾಕಿದ ಕ್ಷಣಕ್ಕೇ ಸೋಡಾ ಜೊತೆ ಗುದ್ದಾಡಿ ಗಾಳಿಯನ್ನೆಲ್ಲ ಬಟ್ಟಲಲ್ಲೇ ಕಳೆಯುತ್ತೆ. ಒಲೆಗೆ ಹೋಗೋ ಹೊತ್ತಿಗೆ ಕಣಕ ಸಪ್ಪೆ. ಪೈರೋಫಾಸ್ಫೇಟ್ ನಿಧಾನಿ, ಹೆಚ್ಚಿನ ಕೆಲಸ ಒಲೆಯಲ್ಲೇ. ಇಲ್ಲವೇ ಕೊಬ್ಬಿನ ಹೊದಿಕೆಯ ಸಿಟ್ರಿಕ್ ಸಿಗುತ್ತೆ, ಕೊಬ್ಬು ಕರಗಿದಾಗ ಮಾತ್ರ ಹೊರಬರುತ್ತೆ. ಆದರೆ ಅಲ್ಲಿಯವರೆಗೆ ಕಣಕ ಕ್ಷಾರದಲ್ಲೇ ಕೂತಿರುತ್ತಲ್ಲ, ಕ್ಯಾಟೆಚಿನ್‌ಗೆ ಅದು ಒಳ್ಳೇದಲ್ಲ. ಸಾರವನ್ನ ಬೆಣ್ಣೆ–ಸಕ್ಕರೆ ಕಲಸುವಾಗಲೇ ಹಾಕಿ, ಸೋಡಾವನ್ನ ಕೊನೆಗೆ ಹಿಟ್ಟಿನ ಜೊತೆ ಒಣದಾಗಿ ಬೆರೆಸಿ, ಕಣಕ ಕೂರಿಸದೆ ತಕ್ಷಣ ಒಲೆಗೆ ಹಾಕಿ. ಸೋಡಾವನ್ನೂ ಸಾರವನ್ನೂ ಒಂದೇ ನೀರಲ್ಲಿ ಕರಗಿಸಿ ಹಾಕೋದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಹಿಟ್ಟು ಸೇರುವ ಮೊದಲೇ ಕತೆ ಮುಗಿದಿರುತ್ತೆ.

ಹುಳಿ ಹೆಚ್ಚಿದಷ್ಟೂ ಬಿಸ್ಕತ್ತು ಬಿಳಿಚಿಕೊಳ್ಳುತ್ತೆ, ಕಡಿಮೆ ಹರಡುತ್ತೆ. ಹೊಂಬಣ್ಣ ಬರಲಿ ಅಂತ ಒಲೆಯ ಬಿಸಿ ಏರಿಸಿದರೆ ಉಳಿಸಿದ್ದನ್ನ ಮತ್ತೆ ಕಳೆದ ಹಾಗೆ.

---

ಒಲೆಮುಂದೆ

ಹಿಟ್ಟಿಗೆ ಕಬ್ಬಿಣ ಸೇರಿಸಿರುತ್ತಾರಲ್ಲ, ಅದಕ್ಕೇನಾದರೂ ಸಂಬಂಧ ಇದೆಯಾ? ಕಣಕದಲ್ಲಿ ಬೂದು ಚುಕ್ಕೆ ಕಾಣುತ್ತೆ.

---

ಕಣಕ_ಕೈ

ಖಂಡಿತ ಇದೆ. ಕಬ್ಬಿಣ ಮತ್ತು ಗ್ಯಾಲೇಟ್ (ಇಜಿಸಿಜಿ ಅಣುವಿನ ಒಂದು ಭಾಗ) ಸೇರಿದರೆ ಹಳೇ ಕಾಲದ ಶಾಯಿ. ಫೆರಸ್ ಸಲ್ಫೇಟ್ ಬೆರೆತ ಹಿಟ್ಟಾದರೆ ಬೇಗ ಬೂದಾಗುತ್ತೆ. ಕಬ್ಬಿಣ, ತಾಮ್ರ ಎರಡೂ ಆಕ್ಸಿಡೇಶನ್ನನ್ನೂ ಓಡಿಸುತ್ತವೆ. ಕಬ್ಬಿಣ ಸೇರಿಸದ ಹಿಟ್ಟು ತಗೊಳ್ಳಿ, ಪಾತ್ರೆ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಹಿತ್ತಾಳೆಯ ಒಂದು ವಾಲ್ವ್ ಸಾಕು, ಸಾಲಿಡೀ ಕೆಡಿಸೋಕೆ.

---

ಲ್ಯಾಬ್_ಕೋಟು

ಡಿಪಿಪಿಎಚ್ ಅಂಕಿ ಯಾಕೆ ಇಳಿಯಲಿಲ್ಲ ಅನ್ನೋದನ್ನ ಯಾರೂ ಮುಟ್ಟಲಿಲ್ಲ. ಅದೇ ದೊಡ್ಡ ಮೋಸ.

ಇಜಿಸಿಜಿ ಹಾಳಾದಾಗ ಮಾಯವಾಗಲ್ಲ, ಎರಡೆರಡು ಅಣು ಜೋಡಿಯಾಗಿ ಥಿಯಾಸಿನೆನ್ಸಿನ್‌ನಂಥವು ಆಗುತ್ತವೆ. ಅವಕ್ಕೂ ಹೈಡ್ರಾಕ್ಸಿಲ್‌ಗಳಿವೆ, ಡಿಪಿಪಿಎಚ್‌ನ ನೇರಳೆ ಬಣ್ಣವನ್ನ ಅವೂ ಅಳಿಸುತ್ತವೆ. ಬಿಸ್ಕತ್ತು ಕಂದಾಗುವಾಗ ಹುಟ್ಟುವ ವಸ್ತುಗಳೂ ಅದೇ ಕೆಲಸ ಮಾಡುತ್ತವೆ. ಒಟ್ಟು ಪಾಲಿಫಿನಾಲ್ (ಕ್ಯಾಟೆಚಿನ್ ಸೇರಿರುವ ದೊಡ್ಡ ಗುಂಪು) ಅಳೆಯುವ ಫೋಲಿನ್ ಪರೀಕ್ಷೆ ಇನ್ನೂ ಕುರುಡು: ವಿಟಮಿನ್ ಸಿಯನ್ನೂ ಪಾಲಿಫಿನಾಲ್ ಲೆಕ್ಕಕ್ಕೇ ಸೇರಿಸಿಬಿಡುತ್ತೆ. ನಿಮ್ಮ ಪುಡಿಗೆ ಫೋಲಿನ್ ಮಾಡಿಸಿದ್ದರೆ ಆ ವರದಿಯನ್ನ ಪಕ್ಕಕ್ಕಿಡಿ.

ಬೇಕಾದದ್ದು ಎಚ್‌ಪಿಎಲ್‌ಸಿ, ಅಂದರೆ ಒಂದೊಂದು ವಸ್ತುವನ್ನೂ ಬೇರ್ಪಡಿಸಿ ಅಳೆಯುವ ಯಂತ್ರ. ಎಲೆ ಮತ್ತು ಸಾರಕ್ಕೆ ಐಎಸ್ಒ 14502-2 (2005) ಅನ್ನೋ ಅಂತಾರಾಷ್ಟ್ರೀಯ ವಿಧಾನ ಇದೆ: 70 ಡಿಗ್ರಿಯ 70% ಮೆಥನಾಲ್‌ನಲ್ಲಿ ಎರಡು ಸಲ ಇಳಿಸಿ, 278 ನ್ಯಾನೋಮೀಟರ್‌ನಲ್ಲಿ ನೋಡೋದು. ಇಳಿಸಿದ ದ್ರಾವಣವನ್ನ ತೆಳುಮಾಡೋಕೆ ಬರೀ ನೀರಲ್ಲ, ಇಡಿಟಿಎ (ಲೋಹಗಳನ್ನ ಹಿಡಿದಿಡುವ ವಸ್ತು) ಮತ್ತು ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಬೆರೆಸಿದ ಸ್ಥಿರಕಾರಿ ದ್ರಾವಣ ಬಳಸಬೇಕು. ಅದನ್ನ ಬಿಟ್ಟರೆ ಯಂತ್ರದ ತಟ್ಟೆಯಲ್ಲಿ ಸರದಿ ಕಾಯುವಾಗಲೇ ಮಾದರಿ ಕೆಡುತ್ತೆ, ಮೊದಲ ಸೀಸೆಗೂ ಇಪ್ಪತ್ತನೇ ಸೀಸೆಗೂ ಅಂಕಿ ಬೇರೆ.

ಬಿಸ್ಕತ್ತು, ಹಾಲಿನ ತಿನಿಸು ಇಂಥದ್ದಕ್ಕೆ ಆ ವಿಧಾನ ನೇರವಾಗಿ ಹೊಂದಲ್ಲ. ಮೊದಲು ಹೆಕ್ಸೇನ್‌ನಲ್ಲಿ ಕೊಬ್ಬು ತೆಗೆಯಿರಿ. ಸಾರ ಹಾಕದ ಬಿಸ್ಕತ್ತಿನ ಪುಡಿಗೆ ಗೊತ್ತಿರುವಷ್ಟು ಇಜಿಸಿಜಿ ಬೆರೆಸಿ, ಎಷ್ಟು ವಾಪಸ್ ಸಿಗುತ್ತೆ ನೋಡಿ. 60% ಮಾತ್ರ ಸಿಕ್ಕರೆ ಉಳಿದ 40% ಬಹುಶಃ ಪ್ರೋಟೀನಿಗೆ ಅಂಟಿದೆ, ಅದನ್ನ ಬೇಯಿಸಿದ ನಷ್ಟ ಅಂತ ಬರೆಯಬಾರದು. ಹಾಲಿನ ಪ್ರೋಟೀನ್ ಕೇಸಿನ್ ಇದ್ದಲ್ಲಿ ಈ ಅಂಟಾಟ ವಿಪರೀತ.

ಇನ್ನೊಂದು: ಬಿಸಿಯಾದಾಗ ಇಜಿಸಿಜಿಯ ಒಂದು ಪಾಲು ಸಿ-2 ಇಂಗಾಲದ ಬಳಿ ಮಗುಚಿ ಜಿಸಿಜಿ ಆಗುತ್ತೆ. ತೂಕ ಅದೇ, ಗುಂಪುಗಳೂ ಅವೇ, ಆಕಾರ ಮಾತ್ರ ಕನ್ನಡಿಯ ಮುಂದೆ ಅರ್ಧ ತಿರುಗಿದ ಹಾಗೆ. ಎಚ್‌ಪಿಎಲ್‌ಸಿಯಲ್ಲಿ ಬೇರೆ ಶಿಖರವಾಗಿ ಬರುತ್ತೆ. ಜಿಸಿಜಿಯನ್ನ ಅಳೆಯದೆ ಇಜಿಸಿಜಿ ಮಾತ್ರ ನೋಡಿದರೆ 120 ಡಿಗ್ರಿಯಲ್ಲಿ ಕ್ರಿಮಿಶುದ್ಧಿ ಮಾಡಿದ ಪಾನೀಯ ನಿಜಕ್ಕಿಂತ ಕೆಟ್ಟದಾಗಿ ಕಾಣುತ್ತೆ. ಎಂಟೂ ಕ್ಯಾಟೆಚಿನ್ (ನಾಲ್ಕು ಮೂಲ ರೂಪ, ಅವುಗಳ ನಾಲ್ಕು ಮಗುಚಿದ ರೂಪ) ಕೇಳಿ, ನಾಲ್ಕಕ್ಕೆ ಒಪ್ಪಬೇಡಿ.

---

ಎಲೆಚಿಗುರು

ಈಗ ಅರ್ಥ ಆಯ್ತು, ಧನ್ಯವಾದ. ವರದಿಯಲ್ಲಿ ಇರೋದು ನಾಲ್ಕೇ. ಪುಡಿಯ ವಿಷಯ?

---

ಒಣಗಾಳಿ

ಪುಡಿಗೆ ನೀವು ಹಾಕಿದ ಔಷಧಿಯೇ ರೋಗ ತಂದಿದೆ.

ದ್ರಾವಣದಲ್ಲಿ ಸಿಟ್ರಿಕ್ ಪಿಎಚ್ ಇಳಿಸುತ್ತೆ, ವಿಟಮಿನ್ ಸಿ ಆಮ್ಲಜನಕ ನುಂಗುತ್ತೆ. ಒಣ ಪುಡಿಯಲ್ಲಿ ಪಿಎಚ್ ಅನ್ನೋದಕ್ಕೆ ಅರ್ಥವೇ ಇಲ್ಲ, ನೀರೇ ಇಲ್ಲವಲ್ಲ. ಅಲ್ಲಿ ಅವೆರಡೂ ಬರೀ ಹರಳುಗಳು, ಒಂದು ಮಟ್ಟದ ಆರ್ದ್ರತೆ ದಾಟಿದರೆ ಗಾಳಿಯ ನೀರು ಎಳೆದು ತಾವೇ ಕರಗುವಂಥವು. 25 ಡಿಗ್ರಿಯಲ್ಲಿ ಸಕ್ಕರೆ ಕರಗಲು ಸುಮಾರು 85% ಸಾಪೇಕ್ಷ ಆರ್ದ್ರತೆ ಬೇಕು, ನೀರಿಲ್ಲದ ಸಿಟ್ರಿಕ್‌ಗೆ ಸುಮಾರು 75%. ಬೇರೆಬೇರೆಯಾಗಿ ಓದಿದರೆ ನಿಶ್ಚಿಂತೆ. ಆದರೆ ಅವನ್ನ ಬೆರೆಸಿದರೆ ಹರಳು ಹರಳು ತಾಕುವ ಕಡೆ ಮಿತಿ ಎರಡಕ್ಕಿಂತಲೂ ಕೆಳಗೆ ಬೀಳುತ್ತೆ. ಫ್ರಕ್ಟೋಸ್ ಇದ್ದರಂತೂ ಅದೊಂದರ ಮಿತಿಯೇ 62%ರ ಹತ್ತಿರ.

ಮಿತಿ ದಾಟಿದ ಕಡೆ ಕಣಗಳ ನಡುವೆ ಕಣ್ಣಿಗೆ ಕಾಣದ ಪಾಕದ ಹನಿ. ಸಾರ ಆ ಹನಿಯೊಳಗೆ ಕರಗುತ್ತೆ, ಅಣುಗಳಿಗೆ ಓಡಾಟ ಸಿಗುತ್ತೆ, ಆಮ್ಲಜನಕವೂ ಪಕ್ಕದಲ್ಲೇ. ಆರ್ದ್ರತೆ ಇಳಿದಾಗ ಹನಿ ಒಣಗಿ ಎರಡು ಕಣಗಳ ನಡುವೆ ಸೇತುವೆ ಕಟ್ಟುತ್ತೆ. ನೀವು ನೋಡಿದ ಗಂಟು ಅದೇ. ಗಂಟು ಒಡೆದು ನೋಡಿ, ಕಂದು ಬಣ್ಣ ಕಣದ ಹೊಟ್ಟೆಗಿಂತ ಈ ಸೇತುವೆಗಳ ಕಡೆಯೇ ಗಾಢ. ಹುಳಿ, ವಿಟಮಿನ್ ಸಿ ಸೇರಿಸಿದ ಪುಡಿ ಹೆಚ್ಚು ಆರ್ದ್ರತೆಯಲ್ಲಿ ಬರೀ ಸಾರಕ್ಕಿಂತ ಬೇಗ ಕೆಡೋದು ಇದಕ್ಕೇ.

ಮಾಡಬೇಕಾದದ್ದು: ಸಾರವನ್ನ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಜೊತೆ ಸಿಂಪಡಿಸಿ ಒಣಗಿಸಿದ ರೂಪದಲ್ಲಿ ತಗೊಳ್ಳಿ. ಸಿಟ್ರಿಕ್‌ಗೆ ಹೊದಿಕೆ ಹಾಕಿಸಿ, ಇಲ್ಲವೇ ಹುಳಿಯನ್ನ ಬೇರೆ ಪೊಟ್ಟಣದಲ್ಲಿಡಿ. ಬೆರೆಸುವ ಕೋಣೆಯ ಆರ್ದ್ರತೆ 40%ಕ್ಕಿಂತ ಕೆಳಗಿರಲಿ. ಪೊಟ್ಟಣ ಅಲ್ಯೂಮಿನಿಯಂ ಪದರದ್ದಾಗಲಿ, ಬರೀ ಪ್ಲಾಸ್ಟಿಕ್ ಬೇಡ. ಶೈತ್ಯಾಗಾರದಿಂದ ತೆಗೆದ ಚೀಲವನ್ನ ತಣ್ಣಗಿರುವಾಗಲೇ ಬಿಚ್ಚಬೇಡಿ, ಕೋಣೆಯ ಬಿಸಿಗೆ ಬರುವ ತನಕ ಕಾಯಿರಿ. ತಣ್ಣನೆ ಪುಡಿಯ ಮೇಲೆ ಗಾಳಿಯ ನೀರು ಇಬ್ಬನಿಯಂತೆ ಕೂತರೆ ಒಂದೇ ಬೆಳಗ್ಗೆಯಲ್ಲಿ ಚೀಲ ಹಾಳು.

ಆತುರದ ಪರೀಕ್ಷೆ ಬಗ್ಗೆಯೂ ಒಂದು ಮಾತು. 40 ಡಿಗ್ರಿ, 75% ಆರ್ದ್ರತೆಯಲ್ಲಿ ಬಿಚ್ಚು ಪುಡಿಯನ್ನ ಇಟ್ಟರೆ ಅದು ಆಗಲೇ ಕರಗುವ ಮಿತಿಯ ಮೇಲಿದೆ. ಆ ಅಂಕಿಯಿಂದ 25 ಡಿಗ್ರಿಯ ಒಣ ಕಪಾಟಿನ ಆಯಸ್ಸು ಲೆಕ್ಕ ಹಾಕೋಕಾಗಲ್ಲ. ಪೊಟ್ಟಣ ಮುಚ್ಚಿದ ಹಾಗೇ ಇಟ್ಟು ನೋಡಬೇಕು.

---

ಬಾಟಲಿಕತ್ತು

ದ್ರವಕ್ಕೂ ಅದೇ ಎಚ್ಚರ ಬೇಕು. ಬಿಸಿ ಹೆಚ್ಚಿದಾಗ ಮಗುಚುವಿಕೆ ಮುಂದೆ ಬರುತ್ತೆ, ಕೋಣೆಯ ಬಿಸಿಯಲ್ಲಿ ಆಕ್ಸಿಡೇಶನ್ ಮುಂದಿರುತ್ತೆ. 60 ಡಿಗ್ರಿಯಲ್ಲಿ ಎರಡು ವಾರ ಇಟ್ಟು ಗೆರೆ ಎಳೆದು ವರ್ಷದ ಭವಿಷ್ಯ ಹೇಳೋದು ತಪ್ಪು ಕುದುರೆ ಮೇಲೆ ಪಣ ಕಟ್ಟಿದ ಹಾಗೆ.

ಬಾಟಲಿ ಉಳಿದದ್ದು ಪಿಎಚ್ 3.7ರಿಂದ ಅನ್ನೋದು ಸರಿ. ಆದರೆ ಬಿಸಿಯಾಗಿ ತುಂಬಿದ್ದೂ ಸಹಾಯ ಮಾಡಿದೆ: ಬಿಸಿ ನೀರಲ್ಲಿ ಕರಗಿದ ಆಮ್ಲಜನಕ ಕಡಿಮೆ, ಕತ್ತಿನ ಜಾಗದಲ್ಲಿ ಆವಿ ತುಂಬಿರುತ್ತೆ. ನಾಳೆ ಇದೇ ಪಾನೀಯವನ್ನ ತಣ್ಣಗೆ ತುಂಬಲು ಹೊರಟರೆ ಲೆಕ್ಕ ಬದಲಾಗುತ್ತೆ.

ಅರ್ಧ ಲೀಟರ್ ಬಾಟಲಿ ತಗೊಳ್ಳಿ. 25 ಡಿಗ್ರಿಯಲ್ಲಿ ಗಾಳಿ ಕುಡಿದ ನೀರಲ್ಲಿ ಲೀಟರಿಗೆ 8 ಮಿ.ಗ್ರಾಂ ಆಮ್ಲಜನಕ, ಅಂದರೆ ಬಾಟಲಿಗೆ 4. ಕತ್ತಿನಲ್ಲಿ 20 ಮಿ.ಲೀ. ಗಾಳಿ ಬಿಟ್ಟರೆ, ಮಿ.ಲೀ.ಗೆ ಸುಮಾರು 0.27ರಂತೆ 5.4 ಮಿ.ಗ್ರಾಂ. ಅರ್ಧ ಲೀಟರ್ ನೀರಿಗಿಂತ ಆ ಎರಡು ಬೆರಳಷ್ಟು ಖಾಲಿ ಜಾಗದಲ್ಲೇ ಹೆಚ್ಚು! ನೀರಿನ ಗಾಳಿ ತೆಗೆಯೋಕೆ ದುಬಾರಿ ಯಂತ್ರ ತಂದು, ಕತ್ತಿಗೆ ಒಂದು ಹನಿ ದ್ರವ ನೈಟ್ರೋಜನ್ ಬಿಡದೆ ಮುಚ್ಚಿದರೆ ಅರ್ಧ ಕೆಲಸವೂ ಆಗಿಲ್ಲ.

ಒಟ್ಟು 9.4 ಮಿ.ಗ್ರಾಂ ಆಮ್ಲಜನಕ ಪೂರ್ತಿ ನೀರಾಗುವ ತನಕ ವಿಟಮಿನ್ ಸಿ ಕೈಲಿ ನುಂಗಿಸಬೇಕಾದರೆ 1ಕ್ಕೆ 11ರಂತೆ 103 ಮಿ.ಗ್ರಾಂ ಬೇಕು. ಬಾಟಲಿಗೆ 200 ಮಿ.ಗ್ರಾಂ ಹಾಕಿದರೆ ಉಳಿಯುತ್ತೆ ಅನ್ನಿಸುತ್ತೆ, ಆದರೆ ಪೆಟ್ ಬಾಟಲಿ ದಿನಾ ಹೊರಗಿನಿಂದ ಒಂದಿಷ್ಟು ಆಮ್ಲಜನಕ ಒಳಗೆ ಬಿಡುತ್ತಲೇ ಇರುತ್ತೆ. ಹಾಗಂತ ಸುರಿಯಲೂಬಾರದು. ವಿಟಮಿನ್ ಸಿ ತಾನೇ ಒಡೆದು ಕಂದಾಗುತ್ತೆ, ತಿಂಗಳುಗಳ ಮೇಲೆ ಆ ಕಂದನ್ನ ಜನ ಕ್ಯಾಟೆಚಿನ್ ತಲೆಗೆ ಕಟ್ಟುತ್ತಾರೆ.

ಹಾಕುವ ಸರದಿ: ಮೊದಲು ಶುದ್ಧೀಕರಿಸಿದ ನೀರು, ಆಮೇಲೆ ಸಿಟ್ರಿಕ್, ನಂತರ ವಿಟಮಿನ್ ಸಿ, ಕೊನೆಗೆ ಸಾರ. ಸಿಟ್ರಿಕ್ ಮೊದಲೇ ಹೋಗಿ ತಾಮ್ರ, ಕಬ್ಬಿಣವನ್ನ ಹಿಡಿದಿಟ್ಟುಕೊಳ್ಳಬೇಕು. ಇಲ್ಲವಾದರೆ ಆ ಲೋಹಗಳ ಜೊತೆ ವಿಟಮಿನ್ ಸಿಯೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತೆ. ಗಡಸು ನೀರು ಬೇಡವೇ ಬೇಡ. ಕುದಿಸಿದಾಗ ಅದರ ಕಾರ್ಬನ್ ಡೈಆಕ್ಸೈಡ್ ಹೊರಟು ಪಿಎಚ್ 8ರ ಕಡೆಗೆ ಏರುತ್ತೆ. ನಲ್ಲಿ ನೀರು ಕುದಿಸಿ ಸಾರ ಕರಗಿಸೋದು ಅಂದರೆ ಪಿಎಚ್_ಪಟ್ಟಿ ಅವರ ಸೋಡಾ ಲೋಟವೇ, ಸ್ವಲ್ಪ ನಿಧಾನ ಅಷ್ಟೆ.

---

ಹಸಿರುಕಣ್ಣು

ಹುಳಿ ಹುಳಿ ಅಂತೀರಲ್ಲ, ಬಣ್ಣದ ಕತೆ ಏನು? ನುಣ್ಣನೆ ಎಲೆಪುಡಿ ಹಾಕಿದ ತಿನಿಸು ಹುಳಿಯಲ್ಲಿ ಹಸಿರು ಕಳಕೊಂಡು ಮಾಸಿದ ಸೊಪ್ಪಿನ ಬಣ್ಣಕ್ಕೆ ಬರುತ್ತೆ. ಸೋಡಾ ಹಾಕಿದ್ದೇ ಹಸಿರಾಗಿ ಕಾಣೋದು.

---

ಪಿಎಚ್_ಪಟ್ಟಿ

ನೀವು ಹೇಳಿದ್ದು ನಿಜ, ಅದೇ ತಲೆನೋವು. ಹಸಿರು ಕ್ಲೋರೊಫಿಲ್‌ನದ್ದು, ಕ್ಯಾಟೆಚಿನ್‌ಗೆ ಬಣ್ಣವೇ ಇಲ್ಲ. ಹುಳಿ ಮತ್ತು ಬಿಸಿಯಲ್ಲಿ ಕ್ಲೋರೊಫಿಲ್‌ನ ಮೆಗ್ನೀಸಿಯಂ ಜಾರಿ ಫಿಯೋಫೈಟಿನ್ ಆಗುತ್ತೆ, ಅದು ಮಾಸಲು. ಎರಡೂ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಕಡುಹಸಿರು ತಿನಿಸಲ್ಲಿ ಕ್ಯಾಟೆಚಿನ್ ಇಲ್ಲದಿರಬಹುದು, ಮಾಸಿದ್ದರಲ್ಲಿ ತುಂಬ ಇರಬಹುದು. ಎರಡೂ ಬೇಕು ಅಂದರೆ ಬೇಯಿಸಬೇಡಿ: ಬೆಂದು ತಣಿದ ತಿನಿಸಿನ ಮೇಲಿನ ಕೊಬ್ಬಿನ ಲೇಪದಲ್ಲಿ ಪುಡಿ ಹಾಕಿ. ಅಲ್ಲಿ ನೀರಿಲ್ಲ, ಬಿಸಿ 45 ಡಿಗ್ರಿ ದಾಟಲ್ಲ. ಬೆಳಕು ಬೀಳದ ಹಾಗೆ ಕಟ್ಟಿ, ಪಾರದರ್ಶಕ ಡಬ್ಬಿಯಲ್ಲಿ ಹಸಿರು ಬೇಗ ಮಾಸುತ್ತೆ.

---

ಎಲೆಚಿಗುರು

ಕೊನೇ ಪ್ರಶ್ನೆ. ನಷ್ಟ ಆಗುವಷ್ಟನ್ನ ಮೊದಲೇ ಹೆಚ್ಚಾಗಿ ಹಾಕಿಬಿಟ್ಟರೆ? ಬಿಸ್ಕತ್ತಿಗೆ 200ರ ಬದಲು 600 ಮಿ.ಗ್ರಾಂ?

---

ಕಣಕ_ಕೈ

ಸೋಡಾ ಹಾಗೇ ಇದ್ದರೆ 600 ಹಾಕಿದರೂ ಹೋಗುತ್ತೆ, ಬಿಸ್ಕತ್ತು ಮಾತ್ರ ಇನ್ನಷ್ಟು ಕಂದು. ಸೋಡಾ ಸರಿಮಾಡಿ 600 ಹಾಕಿದರೆ ಉಳಿಯುತ್ತೆ, ಆಗ ಒಗರು ನಾಲಿಗೆಗೆ ಹಿಡಿಯುತ್ತೆ, ಬ್ರೆಡ್ ಆದರೆ ತಿರುಳು ಗಟ್ಟಿಯಾಗುತ್ತೆ.

---

ಲ್ಯಾಬ್_ಕೋಟು

ಹೆಚ್ಚುವರಿ ಹಾಕುವ ಮೊದಲು ಮೇಲಿನ ಮಿತಿಯನ್ನೂ ನೋಡಿ. ಸಾಂದ್ರ ಸಾರದ ರೂಪದಲ್ಲಿ ದಿನಕ್ಕೆ 800 ಮಿ.ಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಇಜಿಸಿಜಿ ತಗೊಂಡವರಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದನ್ನ ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2018ರಲ್ಲಿ ಹೇಳಿತು. 2022ರಲ್ಲಿ ಯುರೋಪಿಯನ್ ಒಕ್ಕೂಟ ದಿನದ ಪ್ರಮಾಣ 800ಕ್ಕಿಂತ ಕಡಿಮೆ ಇರಬೇಕು ಅಂತ ನಿಯಮ ತಂದಿತು. ಬಿಸ್ಕತ್ತಿನಲ್ಲಿ ಅಷ್ಟು ಮುಟ್ಟಲ್ಲ, ಪುಡಿಯ ಪೊಟ್ಟಣದಲ್ಲಿ ಮುಟ್ಟಬಹುದು. ಹೊಸದರಲ್ಲಿ ಪೊಟ್ಟಣದಲ್ಲಿ ಎಷ್ಟಿದೆ, ಅವಧಿ ಮುಗಿಯುವಾಗ ಎಷ್ಟಿದೆ, ಎರಡನ್ನೂ ಅಳೆಸಿ. ಮಿತಿಯ ಲೆಕ್ಕ ಹೊಸದಕ್ಕೆ, ಲೇಬಲ್ಲಿನ ಲೆಕ್ಕ ಹಳೆಯದಕ್ಕೆ.

---

ಎಲೆಚಿಗುರು

ಸರಿ. ಮೊದಲು ಪೈರೋಫಾಸ್ಫೇಟ್ 1.4 ಗ್ರಾಂ, ಸಾರ 200ರಲ್ಲೇ ಇಟ್ಟು, ಬೆಂದ ಬಿಸ್ಕತ್ತಿನ ಪಿಎಚ್ ಮತ್ತು ಎಂಟೂ ಕ್ಯಾಟೆಚಿನ್ ಅಳೆಸೋದು. ಪುಡಿಯಲ್ಲಿ ಹುಳಿ ಬೇರೆ ಪೊಟ್ಟಣಕ್ಕೆ.

---

ಕಣಕ_ಕೈ

ಪೈರೋಫಾಸ್ಫೇಟ್‌ನಲ್ಲಿ ಸರಣಿ ಸಂಖ್ಯೆಗಳಿವೆ, 40 ವೇಗದ್ದು, 28 ನಿಧಾನದ್ದು. 28 ಕೇಳಿ ತಗೊಳ್ಳಿ. ಹೆಚ್ಚಾದರೆ ನಾಲಿಗೆ ಮೇಲೆ ಸೋಪಿನಂಥ ಕಹಿ ಉಳಿಯುತ್ತೆ, ಒಗರಿನ ಜೊತೆ ಸೇರಿದರೆ ಯಾವುದು ಯಾವುದರದ್ದು ಅಂತ ಗೊತ್ತಾಗಲ್ಲ. ಸಾರ ಹಾಕದ ಒಂದು ತಟ್ಟೆಯನ್ನೂ ಪಕ್ಕದಲ್ಲೇ ಬೇಯಿಸಿ.